ಬಾಣದ ಮೇಜಿಗೆ ಮೊದಲು ಬರಲಿ ತಕ್ಕಡಿ

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದಾಗ ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲನ್ನು ಅದರ ಕೈಗೆ ಕೊಡುವ ಸಂಪ್ರದಾಯವಿದೆ. ಬಿಲ್ಲಿನ ಜತೆ ಇಂಥ ನಂಟಿರುವ ಕೊಡಗು ಜಿಲ್ಲೆಯಲ್ಲಿ ಬಿಲ್ಲುಗಾರಿಕೆ ಕಲಿಯುವವರು ಬಾಣವನ್ನೂ ತಾವೇ ಮಾಡಿಕೊಳ್ಳಬೇಕೆಂದು ಬಯಸುವುದು ಸಹಜ. ಹಾಗೆ ಹೊರಟವರು ಮೊದಲು ಕೊಳ್ಳುವುದು ಗರಗಸ, ಕೀಸುಳಿ, ಉಳಿ. ಈ ಕ್ರಮ ತಲೆಕೆಳಗಾಗಬೇಕು ಎಂಬುದು ಈ ಲೇಖನದ ವಾದ. ಒಂದು ಒಳ್ಳೆಯ ಬಾಣ ಯಾರ ಕೈಯಲ್ಲೂ ಆಗಬಹುದು. ಬಿಲ್ಲುಗಾರನಿಗೆ ಬೇಕಾದದ್ದು ಒಂದನ್ನೊಂದು ಹೋಲುವ ಡಜನ್ ಬಾಣ. ಬಾಣಗಳು ಒಂದೇ ತೆರನಾಗಿದ್ದರೆ ಮಾತ್ರ ಗುರಿ ತಪ್ಪಿದ್ದು ಕೈಯ ದೋಷದಿಂದಲೋ ಬಾಣದ ದೋಷದಿಂದಲೋ ಎಂದು ತಿಳಿಯುತ್ತದೆ. ಆ ಸಮಾನತೆಯನ್ನು ಕಣ್ಣಳತೆಯಲ್ಲಿ ತರಲಾಗದು. ಆದ್ದರಿಂದ ಮನೆಯ ಬಾಣದ ಮೇಜನ್ನು ಅಳತೆಯ ಸುತ್ತ ಕಟ್ಟಬೇಕು. ಕೊಯ್ಯುವ, ಕೆತ್ತುವ ಸಲಕರಣೆ ಆಮೇಲೆ ಬಂದರೆ ಸಾಕು.

ಹಂತ 1: ಜಾಗ ಮತ್ತು ಒಣಗಿಸುವಿಕೆ

ಇದೇ ಜಿಲ್ಲೆಯ ಹಾರಂಗಿಯಲ್ಲಿ ಭಾಗಮಂಡಲದಷ್ಟು ಮಳೆಯಿಲ್ಲ. ಆದರೂ ಜಲಾಶಯದ ಪಕ್ಕದ ಊರು; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಬಿದಿರು ಆ ತೇವವನ್ನು ಹೀರಿ ತೂಕ ಏರಿಸಿಕೊಳ್ಳುತ್ತದೆ, ಸೊಟ್ಟಗಾಗುತ್ತದೆ. ಹಾಗಾಗಿ ಮೇಜನ್ನು ಮಳೆ ಬಡಿಯುವ ಹೊರಗೋಡೆಗೆ ತಾಗಿಸದೆ ಒಳಗೋಡೆಯ ಬದಿಗೆ ಇಡಿ. ಬಾಣದ ಉದ್ದ ಸುಮಾರು ಎರಡೂವರೆ ಅಡಿ. ಅದನ್ನು ಉರುಳಿಸಿ, ಉಜ್ಜಿ, ಪಕ್ಕದಲ್ಲಿ ಸಲಕರಣೆ ಇಡಲು ಐದಡಿ ಉದ್ದ, ಎರಡಡಿ ಅಗಲದ ಅಲುಗಾಡದ ಹಲಗೆ ಸಾಕು. ಒಂದು ತುದಿಯಲ್ಲಿ ಸಣ್ಣ ಬೆಂಚ್ ವೈಸ್ ಇರಲಿ. ಕಡ್ಡಿಗಳನ್ನು ಮೂಲೆಗೆ ಓರೆಯಾಗಿ ಒರಗಿಸಬೇಡಿ, ಬಾಗುತ್ತವೆ. ನಾಲ್ಕೈದು ಕಡೆ ಆಧಾರ ಕೊಟ್ಟು ಮಟ್ಟಸವಾಗಿ ಮಲಗಿಸಿ. ಸೌದೆ ಒಲೆಯಿರುವ ಮನೆಯಲ್ಲಿ ಒಲೆಯ ಮೇಲಿನ ಅಟ್ಟವೇ ಒಳ್ಳೆಯ ಜಾಗ. ಬಿಸಿಗೆ ಬಿದಿರು ಒಣಗುತ್ತದೆ, ಹೊಗೆಗೆ ಕುಟ್ಟೆಹುಳ ದೂರವಿರುತ್ತದೆ.

ಮೂರು ವರ್ಷ ಮೀರಿ ಬಲಿತ, ಒಳಗೆ ಬಹುಪಾಲು ಗಟ್ಟಿಯಾಗಿರುವ ಕಿರುಬಿದಿರನ್ನು ಮಳೆಗಾಲ ಮುಗಿದ ಮೇಲೆ ಕಡಿದು, ಹಸಿಯಿರುವಾಗಲೇ ಸೀಳಿಡಿ. ಒಣಗಿತೇ ಎಂದು ತಿಳಿಯಲು ವಾರಕ್ಕೊಮ್ಮೆ ಒಂದೆರಡು ಸೀಳುಗಳನ್ನು ತೂಗಿ. ತೂಕ ಇಳಿಯುವುದು ನಿಂತರೆ ಕೆಲಸಕ್ಕೆ ಸಿದ್ಧ. 2017ರ ತಿದ್ದುಪಡಿಯ ನಂತರ ಅರಣ್ಯದ ಹೊರಗೆ ಬೆಳೆದ ಬಿದಿರು ಭಾರತೀಯ ಅರಣ್ಯ ಕಾಯ್ದೆಯ ‘ಮರ’ದ ವ್ಯಾಖ್ಯೆಯಲ್ಲಿ ಇಲ್ಲ. ಆ ಸಡಿಲಿಕೆ ಸ್ವಂತ ಹಿತ್ತಿಲು, ತೋಟದ ಬಿದಿರಿಗೆ ಮಾತ್ರ. ಪಕ್ಕದ ಕಾಡಿನ ಮೆಳೆಗೆ ಕತ್ತಿ ಹಾಕುವಂತಿಲ್ಲ.

ಹಂತ 2: ಮೂರು ಅಳತೆ

ಬಿಟ್ಟ ಬಾಣ ನೆಟ್ಟಗೆ ಹೋಗುವಂತೆ ಕಂಡರೂ ಹೆದೆಯ ತಳ್ಳುವಿಕೆಗೆ ಅದು ಬಾಗಿ, ಬಿಲ್ಲಿನ ಹಿಡಿಕೆಯನ್ನು ಬಳಸಿಕೊಂಡು, ಮತ್ತೆ ನೆಟ್ಟಗಾಗುತ್ತದೆ. ಬಿಲ್ಲಿನ ಬಲಕ್ಕೆ ತಕ್ಕಷ್ಟು ಬಾಗದ ಬಾಣ ಒಂದು ಪಕ್ಕಕ್ಕೆ ಸರಿಯುತ್ತದೆ. ಹೆಚ್ಚು ಬಾಗುವುದು ಇನ್ನೊಂದು ಪಕ್ಕಕ್ಕೆ. ಈ ಬಾಗುವ ಗುಣಕ್ಕೆ ಬಿಲ್ಲುಗಾರರು ಸ್ಪೈನ್ ಎನ್ನುತ್ತಾರೆ. ಅದನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಒಂದು ಹಲಗೆಗೆ ಒಂದೇ ಮಟ್ಟದಲ್ಲಿ, 66 ಸೆಂ.ಮೀ. ಅಂತರದಲ್ಲಿ ಎರಡು ಮೊಳೆ ಹೊಡೆದು ಕಡ್ಡಿಯನ್ನು ಅವುಗಳ ಮೇಲಿಡಿ. ನೀರು ತುಂಬಿ 907 ಗ್ರಾಂಗೆ ಸರಿಮಾಡಿದ ಬಾಟಲಿಯನ್ನು ನಡುವೆ ನೇತುಹಾಕಿ, ಕಡ್ಡಿ ಎಷ್ಟು ಮಿ.ಮೀ. ತಗ್ಗಿತೆಂದು ನೋಡಿ. 660ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಪೌಂಡ್ ಲೆಕ್ಕದ ಸ್ಪೈನ್ ಸಿಗುತ್ತದೆ: 22 ಮಿ.ಮೀ. ತಗ್ಗಿದರೆ 30, 16.5 ತಗ್ಗಿದರೆ 40. ನಿಮ್ಮ ಬಿಲ್ಲಿನ ಎಳೆತ 30 ಪೌಂಡ್ ಇದ್ದರೆ ಅದರ ಆಸುಪಾಸಿನ ಕಡ್ಡಿಗಳಿಂದ ಆರಂಭಿಸಿ. ಬಿದಿರಿನ ಹೊರಮೈ ಒಳಮೈಗಿಂತ ಬಿರುಸು. ಆದ್ದರಿಂದ ಹೊರಮೈಗೆ ಗುರುತು ಹಾಕಿಕೊಂಡು, ಪ್ರತಿ ಕಡ್ಡಿಯನ್ನೂ ಅದೇ ಮೈ ಮೇಲಿರುವಂತೆ ಇಟ್ಟು ಅಳೆಯಿರಿ.

ಎರಡನೆಯದು ತೂಕ. ಅಡುಗೆಮನೆಯ ತಕ್ಕಡಿ ಬಾಟಲಿಗೆ ಸಾಕು, ಬಾಣಕ್ಕೆ 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ತೀರಾ ಹಗುರ ಬಾಣ ಬಿಲ್ಲನ್ನೇ ಸೀಳಬಹುದು. ಮರ, ಬಿದಿರಿನ ಬಿಲ್ಲಿಗೆ ಪ್ರತಿ ಪೌಂಡ್ ಎಳೆತಕ್ಕೆ ಸುಮಾರು 0.65 ಗ್ರಾಂ ಎಂಬುದು ಸುರಕ್ಷಿತ ಲೆಕ್ಕ. ಅಂದರೆ 30 ಪೌಂಡ್ ಬಿಲ್ಲಿಗೆ ಸುಮಾರು 19.5 ಗ್ರಾಂ ಬಾಣ. ಮೂರನೆಯದು ಸಮತೋಲ. ಬಾಣವನ್ನು ಬೆರಳ ಮೇಲೆ ನಿಲ್ಲಿಸಿದಾಗ ತೂಕ ಸಮವಾಗುವ ಬಿಂದು ನಡುವಿಗಿಂತ ಮೊನೆಯ ಕಡೆಗಿರಬೇಕು, 72 ಸೆಂ.ಮೀ. ಬಾಣಕ್ಕೆ 7 ಸೆಂ.ಮೀ. ಮುಂದೆ ಇದ್ದರೆ ಸರಿ. ಮೂರೂ ಅಂಕಿಗಳನ್ನು ಕಡ್ಡಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಸ್ಪೈನ್ 5 ಪೌಂಡ್, ತೂಕ 0.6 ಗ್ರಾಂ ಒಳಗೆ ಹೊಂದುವವುಗಳನ್ನು ಒಂದು ಕಟ್ಟಾಗಿ ವಿಂಗಡಿಸಿ.

ಹಂತ 3: ಕಡ್ಡಿ, ಗರಿ, ಮೊನೆ

ಹೀಗೆ ಅಳೆಯಬೇಕಾದ ಕಡ್ಡಿ ಮಾಡಲು ಮರದ ಪಟ್ಟಿಯಲ್ಲಿ ‘ವಿ’ ಆಕಾರದ ತೋಡು ಕೊರೆದು ಅದರಲ್ಲಿ ಸೀಳನ್ನು ಕೂರಿಸಿ. ಮೊದಲು ಚೌಕ, ಆಮೇಲೆ ಎಂಟು ಮೂಲೆ, ಕೊನೆಗೆ ಗುಂಡಗೆ ಕೀಸಿ 8 ಮಿ.ಮೀ. ದಪ್ಪಕ್ಕೆ ತನ್ನಿ. ಸೊಟ್ಟ ಇರುವಲ್ಲಿ ಕೆಂಡದ ಬಿಸಿ ತೋರಿಸಿ, ತಿದ್ದಿ, ತಣ್ಣಗಾಗುವವರೆಗೆ ಹಿಡಿದಿರಿ. ಉರಿ ತಾಗಿಸಿದರೆ ನಾರು ಸುಡುತ್ತದೆ. ಹೆದೆ ಕೂರುವ ಕಚ್ಚಿನ ಬುಡಕ್ಕೆ ದಾರ ಬಿಗಿದು ಅಂಟು ಸವರಿದರೆ ಸೀಳು ಬಿಡುವುದಿಲ್ಲ. ಆಮೇಲೆ ತೆಳುವಾಗಿ ಎರಡು ಸಲ ವಾರ್ನಿಷ್ ಬಳಿಯಿರಿ.

ಗರಿ ಮೂರು, ಒಂದಕ್ಕೊಂದು 120 ಡಿಗ್ರಿ ಕೋನದಲ್ಲಿ. ರಟ್ಟಿನ ಬಿಲ್ಲೆಗೆ ಮೂರು ಗೆರೆ ಎಳೆದು ನಡುವೆ ತೂತು ಕೊರೆದರೆ ಅದೇ ಗರಿ ಕೂರಿಸುವ ಅಚ್ಚು (ಜಿಗ್). ಟರ್ಕಿ ಕೋಳಿ ಅಥವಾ ಬಾತುಕೋಳಿಯ ರೆಕ್ಕೆಗರಿ ಸಾಕು. ಒಂದು ಬಾಣಕ್ಕೆ ಎಲ್ಲವೂ ಎಡರೆಕ್ಕೆಯವು ಅಥವಾ ಎಲ್ಲವೂ ಬಲರೆಕ್ಕೆಯವು ಆಗಿರಬೇಕು. ಬೆರೆಸಿದರೆ ಬಾಣದ ತಿರುಗುವಿಕೆ ಕೆಡುತ್ತದೆ. ಕಾಡುಹಕ್ಕಿಗಳ ಗರಿಗೆ ಕೈಹಾಕಬೇಡಿ. ಮರಗೆಲಸದ ಬಿಳಿ ಅಂಟು ಮಳೆಗಾಲದಲ್ಲಿ ಮೆತ್ತಗಾಗುವುದರಿಂದ ಗರಿಗೆ ಫೆವಿಕ್ವಿಕ್‌ನಂಥದು, ಮೊನೆಗೆ ಅರಾಲ್ಡೈಟ್‌ನಂಥ ಎಪಾಕ್ಸಿ ಬಳಸಿ. ಅಭ್ಯಾಸಕ್ಕೆ 100 ಗ್ರೇನ್, ಅಂದರೆ ಸುಮಾರು 6.5 ಗ್ರಾಂ ತೂಕದ ಸಾದಾ ಗುರಿಮೊನೆ ಸಾಕು.

ಆಕ್ಷೇಪಗಳಿಗೆ ಉತ್ತರ

ಕಾರ್ಬನ್ ಬಾಣ ಕೊಂಡರೆ ಈ ಕಷ್ಟವೇ ಇಲ್ಲವಲ್ಲ ಎನ್ನಬಹುದು. 70 ಮೀಟರ್ ದೂರದ ಒಲಿಂಪಿಕ್ ಸ್ಪರ್ಧೆಗೆ ಕಾರ್ಬನ್ನೇ ಸರಿ; ಅದನ್ನು ಒಪ್ಪಬೇಕು. ಆದರೆ ಕೊಂಡ ಬಾಣವನ್ನೂ ಉದ್ದಕ್ಕೆ ಕತ್ತರಿಸಬೇಕು, ಕಿತ್ತ ಗರಿ ಅಂಟಿಸಬೇಕು, ಮೊನೆಯ ತೂಕ ಹೊಂದಿಸಬೇಕು. ಅದಕ್ಕೂ ಬೇಕಾದದ್ದು ಇದೇ ಮೇಜು, ಇದೇ ತಕ್ಕಡಿ. ಕಾರ್ಬನ್ ಕತ್ತರಿಸುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿ, ಒದ್ದೆ ಮಾಡಿ ಕೊಯ್ಯಿರಿ. ಬಿದಿರಿನಿಂದ ದೊಡ್ಡ ಆಟ ಸಾಧ್ಯವೇ ಎಂಬುದು ಇನ್ನೊಂದು ಸಂಶಯ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದ ಜಾರ್ಖಂಡ್‌ನ ದೀಪಿಕಾ ಕುಮಾರಿ ಆರಂಭಿಸಿದ್ದು ಮನೆಯಲ್ಲಿ ಮಾಡಿದ ಬಿದಿರಿನ ಬಿಲ್ಲು, ಬಾಣಗಳಿಂದಲೇ. ನಮ್ಮ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿಗೆಂದೇ ಇಂಡಿಯನ್ ರೌಂಡ್ ಎಂಬ ವಿಭಾಗ ಇದೆ.

ಬಾಣ ಮನೆಗೆ ಬಂದರೆ ಬೇಟೆಯ ಆಸೆಯೂ ಬಂದೀತು ಎಂಬ ಆತಂಕ ಹೆಚ್ಚು ಗಂಭೀರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಬಾಣದ ಬೇಟೆಗೂ ವಿನಾಯಿತಿಯಿಲ್ಲ. ಆದ್ದರಿಂದ ಅಲಗಿನ ಮೊನೆಗಳಿಗೆ ಈ ಮೇಜಿನಲ್ಲಿ ಜಾಗ ಬೇಡ. ಕಾಫಿ ತೋಟದಲ್ಲಿ ಕೆಲಸದವರು ಎಲ್ಲಿ ಬೇಕಾದರೂ ಇರಬಹುದು. ಹಿಂದೆ ಮಣ್ಣಿನ ದಿಬ್ಬವಿಲ್ಲದ ಕಡೆ ಬಾಣ ಬಿಡಬೇಡಿ. ಪ್ರತಿ ಸಲ ಬಿಡುವ ಮೊದಲು ಬಾಣವನ್ನು ಮೆಲ್ಲಗೆ ಬಾಗಿಸಿ ಕಿವಿಗೊಡಿ. ಚಿಟ್ ಎಂದರೆ ಮುರಿದು ಒಲೆಗೆ ಹಾಕಿ.

ಈ ಬೇಸಿಗೆಯಲ್ಲೇ ಮೊದಲ ಕಟ್ಟು ಮಾಡಿ. ಕುಶಾಲನಗರದ ಪೇಟೆಗೆ ಹೋದಾಗ ಚೀಟಿಯ ಮೊದಲ ಸಾಲಿನಲ್ಲಿ 0.1 ಗ್ರಾಂ ತಕ್ಕಡಿ ಇರಲಿ. ಉಳಿದ ಸಲಕರಣೆ ಒಂದೊಂದಾಗಿ ಸೇರಲಿ.