ಕೇಕಿನ ಮೇಲೆ ನಮ್ಮದೇ ಹುಡುಗಿ

ಅಕ್ಕನ ಮಗಳ ಮದುವೆಗೆ ಕೇಕ್ ಹೇಳಲು ಮೈಸೂರಿನ ಬೇಕರಿಯೊಂದಕ್ಕೆ ಹೋಗಿದ್ದೆವು. ಅಂಗಡಿಯವರು ಕೇಕಿನ ಮೇಲಿಡುವ ಪ್ಲಾಸ್ಟಿಕ್ ಜೋಡಿ ಗೊಂಬೆಯನ್ನು ತೋರಿಸಿದರು. ಗುಲಾಬಿ ಕೆನ್ನೆ, ನೀಲಿ ಕಣ್ಣು, ಹೊಂಬಣ್ಣದ ಕೂದಲು. ಹುಡುಗಿ ಅದನ್ನು ತಿರುಗಿಸಿ ನೋಡಿ, "ಚಿಕ್ಕಮ್ಮ, ಇವರು ಯಾರ ಕಡೆಯವರು? ನಮ್ಮ ಕಡೆಯವರೋ, ಗಂಡಿನ ಕಡೆಯವರೋ?" ಎಂದು ಕೇಳಿದಳು. ಎಲ್ಲರೂ ನಕ್ಕೆವು. ಬಿಳಿಕೆರೆಗೆ ಹಿಂದಿರುಗುವ ಬಸ್ಸಿನಲ್ಲಿ ನನಗೆ ಆ ನಗು ಉಳಿಯಲಿಲ್ಲ. ಈ ಮಗುವನ್ನು ನೋಡಲು ಬಂದ ಇಬ್ಬರು ಮೂವರು "ಹುಡುಗಿ ಒಳ್ಳೆಯವಳು, ಬಣ್ಣ ಸ್ವಲ್ಪ ಕಡಿಮೆ" ಎಂದು ಹೇಳಿ ಕಳಿಸಿದ್ದರು. ಅದನ್ನು ಅವಳೂ ಬಲ್ಲಳು. ಗೊಂಬೆಯನ್ನು ನಾನೇ ಮಾಡುತ್ತೇನೆ ಎಂದು ಬಸ್ಸು ಇಳಿಯುವ ಮೊದಲೇ ಅಕ್ಕನಿಗೆ ಹೇಳಿಬಿಟ್ಟೆ.

ಮದುವೆಗೆ ಕೇಕ್ ಕತ್ತರಿಸುವ ಪದ್ಧತಿ ನಮಗೆ ಹೊರಗಿನಿಂದ ಬಂದದ್ದು, ನಿಜ. ಆದರೆ ಮದುವೆಯಲ್ಲಿ ಜೋಡಿ ಗೊಂಬೆ ಇಡುವುದು ಮೈಸೂರು ಸೀಮೆಗೆ ಹೊಸದೇನಲ್ಲ. ಇಲ್ಲಿನ ಎಷ್ಟೋ ಹಿಂದೂ ಮನೆಗಳಲ್ಲಿ ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಪಟ್ಟದ ಗೊಂಬೆಗಳನ್ನು ಕೊಡುತ್ತಾರೆ. ರಕ್ತಚಂದನದ ಮರದಲ್ಲಿ ಕೆತ್ತಿದ ಒಂದು ಗಂಡು, ಒಂದು ಹೆಣ್ಣು. ದಸರೆ ಬಂದಾಗ ಹೊಸ ಬಟ್ಟೆ ಉಡಿಸಿ ಗೊಂಬೆ ಸಾಲಿನಲ್ಲಿ ಅವಕ್ಕೇ ಮೊದಲ ಸ್ಥಾನ. ಅವುಗಳ ಮೈಬಣ್ಣವನ್ನು ನೀವು ಗಮನಿಸಿದ್ದೀರಾ? ಮರದ್ದೇ ಬಣ್ಣ, ಕೆಂಪು ಬೆರೆತ ಕಪ್ಪು. ಹಳೆಯದಾದಷ್ಟೂ ಇನ್ನೂ ಕಪ್ಪಾಗುತ್ತದೆ. ರಾಜ ರಾಣಿ ಎಂದು ಕರೆಸಿಕೊಳ್ಳುವ ಆ ಜೋಡಿಗೆ ಬಣ್ಣ ಕಡಿಮೆ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮರ ಕೆತ್ತುವುದು ನಮ್ಮ ಕೈಯಲ್ಲಾಗದು. ಮನೆಯಲ್ಲೇ ಮಾಡುವ ಹಿಟ್ಟಿನಿಂದ ಮಾಡಬಹುದು. ಅಳತೆ ಹೀಗಿದೆ: ಕಾರ್ನ್‌ಫ್ಲೋರ್ 1 ಲೋಟ, ಬಿಳಿ ಫೆವಿಕಾಲ್ 1 ಲೋಟ, ನಿಂಬೆರಸ 2 ಚಮಚ, ಕೊಬ್ಬರಿ ಎಣ್ಣೆ 2 ಚಮಚ. ನಮ್ಮ ಹೊಲದ ಮುಸುಕಿನ ಜೋಳವನ್ನು ಗಿರಣಿಯಲ್ಲಿ ಬೀಸಿಸಿ ತಂದರೆ ಆಗುವುದಿಲ್ಲ. ಅಂಗಡಿಯಲ್ಲಿ ಸಿಗುವ ನುಣ್ಣನೆಯ ಬಿಳಿ ಪಿಷ್ಟವೇ ಬೇಕು. ಎಲ್ಲವನ್ನೂ ಗಂಟಿಲ್ಲದಂತೆ ಕಲಸಿ, ಅಡುಗೆಗೆ ಮತ್ತೆ ಬಳಸದ ಹಳೆಯ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬಿಡದೆ ತೊಳಸಿರಿ. ರಾಗಿ ಮುದ್ದೆ ಮಾಡುವ ಕೈಗೆ ಇದನ್ನು ಕಲಿಸಬೇಕಿಲ್ಲ. ತಳ ಬಿಟ್ಟು ಒಂದೇ ಮುದ್ದೆಯಾದ ಕೂಡಲೇ ಇಳಿಸಿರಿ, ಹೆಚ್ಚು ಬೇಯಿಸಿದರೆ ಒಣಗಿ ಬಿರಿಯುತ್ತದೆ. ಬೆಚ್ಚಗಿರುವಾಗಲೇ ಅಂಗೈಗೆ ಎಣ್ಣೆ ಸವರಿಕೊಂಡು ಚೆನ್ನಾಗಿ ನಾದಿ, ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿ ಒಂದು ರಾತ್ರಿ ಇಡಿರಿ. ನಿಂಬೆರಸ ಹಾಕುವುದು ಬೂಸ್ಟು ಹಿಡಿಯದಿರಲೆಂದು.

ಇನ್ನು ಬಣ್ಣದ ಮಾತು. ನಾನು ಎಡವಿದ್ದು ಇಲ್ಲಿಯೇ.

ಮೊದಲ ಗೊಂಬೆಯ ಮುಖಕ್ಕೆ ಹಿಟ್ಟು ಕಲಸುವಾಗ ಕಂದು ಬಣ್ಣ ಹಾಕಿದೆ, ಆಮೇಲೆ ಕೈ ತಾನಾಗಿ ಬಿಳಿಯ ಡಬ್ಬಿಗೆ ಹೋಯಿತು. ಮದುವೆಯ ದಿನವಲ್ಲವೇ, ಸ್ವಲ್ಪ ಬೆಳ್ಳಗಿರಲಿ ಎಂದುಕೊಂಡೆ. ಗೊಂಬೆ ಒಣಗಿ ಸಿದ್ಧವಾಯಿತು. ಸೀರೆ, ಮಲ್ಲಿಗೆ, ಎಲ್ಲವೂ ಸೊಗಸಾಗಿತ್ತು. ಹುಡುಗಿ ಬಂದು ನೋಡಿದಳು. "ತುಂಬಾ ಚೆನ್ನಾಗಿದೆ ಚಿಕ್ಕಮ್ಮ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವೂ ನನ್ನನ್ನು ಬಿಳಿ ಮಾಡಿಬಿಟ್ಟಿರಾ?" ಎಂದಳು. ಬೈದಿದ್ದರೆ ಸಹಿಸಬಹುದಿತ್ತು. ಆ 'ನೀವೂ' ಎಂಬ ಮಾತು ನನ್ನ ಎದೆಗೆ ನಾಟಿತು. ಆ ರಾತ್ರಿಯೇ ಮತ್ತೆ ಹಿಟ್ಟು ಬೇಯಿಸಲು ಕುಳಿತೆ.

ನಮ್ಮ ಮೈಬಣ್ಣ ಬರಬೇಕಾದರೆ ಕಂದು ಬಣ್ಣಕ್ಕೆ ಒಂದಿಷ್ಟು ಹಳದಿ, ಕಡ್ಡಿಯ ತುದಿಯಲ್ಲಿ ಬರುವಷ್ಟು ಕೆಂಪು ಸೇರಿಸಬೇಕು. ಬಿಳಿ ಬೇಡ, ಅದು ಬೆರೆತರೆ ಮುಖಕ್ಕೆ ಬೂದಿ ಬಳಿದಂತೆ ಕಾಣುತ್ತದೆ. ಇನ್ನೊಂದು ವಿಷಯ: ಈ ಹಿಟ್ಟು ಒಣಗಿದಾಗ ಬಣ್ಣ ಗಾಢವಾಗುತ್ತದೆ. ಆದ್ದರಿಂದ ಹಸಿ ಹಿಟ್ಟು ಬೇಕಾದ ಬಣ್ಣಕ್ಕಿಂತ ತುಸು ತಿಳಿಯಾಗಿರಲಿ. ಗೋಲಿಯಷ್ಟು ಹಿಟ್ಟನ್ನು ಮೊದಲು ಒಣಗಿಸಿ, ಹುಡುಗಿಯ ಕೈಯ ಪಕ್ಕದಲ್ಲಿಟ್ಟು ನೋಡಿಬಿಡಿ. ಮುಜುಗರಪಡಬೇಡಿ, ನಾನು ಎರಡನೆಯ ಸಲ ಹಾಗೆಯೇ ನೋಡಿದೆ, ಅವಳೇ ನಗುತ್ತಾ ಕೈ ಚಾಚಿದಳು.

ಎರಡು ಕಿಲೋ ಕೇಕಿಗೆ 4 ಅಂಗುಲದ ಜೋಡಿ ಸಾಕು. ಮುದ್ದಾಗಿ ಕಾಣಬೇಕಾದರೆ ತಲೆ ದೊಡ್ಡದಿರಬೇಕು, ಇಡೀ ಗೊಂಬೆ ಮೂರು ತಲೆಯಷ್ಟು ಎತ್ತರ. ಕಣ್ಣಿಗೆ ಎರಡು ಸಾಸಿವೆ ಕಾಳು. ಅವನ್ನು ಮುಖದ ಮಧ್ಯಕ್ಕಿಂತ ಸ್ವಲ್ಪ ಕೆಳಗೆ, ದೂರ ದೂರ ಒತ್ತಿದರೆ ಮಗುವಿನ ಮುಖದ ಕಳೆ ಬರುತ್ತದೆ. ಮೂಗು ಎಳ್ಳಿನಷ್ಟಿದ್ದರೆ ಸಾಕು. ಕುತ್ತಿಗೆಯೊಳಗೆ ಒಂದು ಕಡ್ಡಿ ಚುಚ್ಚಿಡಿ, ಇಲ್ಲವಾದರೆ ಹಿಟ್ಟು ಒಣಗಿ ಕುಗ್ಗಿದಾಗ ತಲೆ ಸಡಿಲವಾಗುತ್ತದೆ. ಸೀರೆಗೆ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ ನೆರಿಗೆ ಹಿಡಿಯಬಹುದು. ನಾನು ಮಾತ್ರ ಅಕ್ಕನ ಮದುವೆ ಸೀರೆಯ ರವಿಕೆಯಿಂದ ಉಳಿದಿದ್ದ ಚೂರು ಬಟ್ಟೆಯನ್ನೇ ಉಡಿಸಿದೆ. ವರನಿಗೆ ಕೋಟು ಹಾಕಿ, ಅವನ ಕನ್ನಡಕವನ್ನು ತೆಳು ತಂತಿಯಲ್ಲಿ ಬಗ್ಗಿಸಿದೆ. ಗುರುತು ಸಿಗುವುದು ಇಂಥ ಸಣ್ಣ ವಿಷಯಗಳಿಂದಲೇ: ಗಲ್ಲದ ಮಚ್ಚೆ, ಗುಂಗುರು ಕೂದಲು, ತುಸು ಕುಳ್ಳಗಿನ ನಿಲುವು. ಕುಂಟುವವರಿದ್ದರೆ ಊರುಗೋಲನ್ನೂ ಕೊಡಿ, ಆದರೆ ಅವರನ್ನು ಕೇಳಿಕೊಂಡೇ.

ಒಣಗಿಸುವುದು ನೆರಳಿನಲ್ಲಿ, ಬೇಸಿಗೆಯಲ್ಲಿ ನಾಲ್ಕೈದು ದಿನ. ಬಿಸಿಲಿಗಿಟ್ಟರೆ ಸೀಳುತ್ತದೆ. ಮಳೆಗಾಲವಾದರೆ ಎರಡರಷ್ಟು ದಿನ ಹಿಡಿಯಬಹುದು. ಕೊನೆಗೆ ವಾರ್ನಿಷಿನ ಒಂದು ತೆಳು ಲೇಪ ಕೊಡಿ, ನೀರು ತಾಗಿದರೆ ಈ ಹಿಟ್ಟು ಮೆತ್ತಗಾಗುತ್ತದೆ. ಫೆವಿಕಾಲ್ ತಿನ್ನುವ ವಸ್ತುವಲ್ಲ, ಆದ್ದರಿಂದ ಗೊಂಬೆಯ ಪಾದ ಕೆನೆಗೆ ತಾಗಬಾರದು. ದಪ್ಪ ರಟ್ಟನ್ನು ದುಂಡಗೆ ಕತ್ತರಿಸಿ, ಅಲ್ಯೂಮಿನಿಯಂ ಹಾಳೆ ಸುತ್ತಿ, ಅದರ ಮೇಲೆ ಜೋಡಿಯನ್ನು ಅಂಟಿಸಿರಿ. ಕೇಕ್ ಮೃದುವಾಗಿದ್ದರೆ ರಟ್ಟಿನ ಕೆಳಗೆ ಬರುವಂತೆ ನಾಲ್ಕು ದಪ್ಪ ಸ್ಟ್ರಾಗಳನ್ನು ಕೇಕಿನ ಎತ್ತರಕ್ಕೆ ಕತ್ತರಿಸಿ ಊರಲು ಬೇಕರಿಯವರಿಗೆ ಹೇಳಿ, ಗೊಂಬೆ ಹುದುಗುವುದಿಲ್ಲ. ಚಾಕು ಹಿಡಿಯುವ ಮೊದಲು ಗೊಂಬೆಯನ್ನೂ ಸ್ಟ್ರಾಗಳನ್ನೂ ತೆಗೆಯುವ ಜವಾಬ್ದಾರಿಯನ್ನು ಒಬ್ಬರಿಗೆ ವಹಿಸಿರಿ. ಮಕ್ಕಳು ಸಕ್ಕರೆ ಗೊಂಬೆಯೆಂದು ಬಾಯಿಗಿಟ್ಟುಕೊಳ್ಳುವುದುಂಟು.

ಪಾಸ್ಕ ಹಬ್ಬ ಕಳೆದ ಮೇಲೆ ಪಿರಿಯಾಪಟ್ಟಣದಲ್ಲಿ ಮದುವೆ ನಡೆಯಿತು. ವರನ ಅಜ್ಜಿ ಕೇಕಿನ ಹತ್ತಿರ ಬಂದು ಬಗ್ಗಿ ನೋಡಿ, ಮೊಮ್ಮಗನಿಗೆ, "ನಿನ್ನದು ಅಷ್ಟು ಹೋಲಲ್ಲ ಕಣಪ್ಪ, ಅವಳದ್ದು ಹಂಗೇ ಐತೆ" ಎಂದರು. ನನಗೆ ಸಿಕ್ಕ ಪ್ರಶಸ್ತಿ ಅದು. ವರನ ಮೂಗು ಕೆಟ್ಟಿದ್ದೂ ನಿಜವೇ.

ಉಳಿದ ಹಿಟ್ಟನ್ನು ಎಸೆಯಬೇಡಿ, ಹೆಚ್ಚು ದಿನ ಇಡಲೂ ಬೇಡಿ. ಗೋದಲಿಗೆ ಒಂದು ಹಸು, ಎರಡು ಕುರಿ, ಒಬ್ಬ ಕುರುಬರ ಹುಡುಗ ಆಗುತ್ತಾರೆ. ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಗ್ರಾಮದಲ್ಲಿ ಏರ್ಪಡಿಸಿದ ಗೋದಲಿಯಲ್ಲಿ ಜೀವಂತ ಎತ್ತು, ಕತ್ತೆಗಳಿದ್ದವು. ನೇಪಲ್ಸ್ ನಗರದವರು 18ನೆಯ ಶತಮಾನದಲ್ಲಿ ತಮ್ಮ ಸಂತೆಯ ಹಣ್ಣು ಮಾರುವವರು, ಮೀನು ಮಾರುವವರ ಗೊಂಬೆಗಳನ್ನೇ ಅದರ ಸುತ್ತ ನಿಲ್ಲಿಸಿದರು. ನಮ್ಮ ಕುರುಬರ ಹುಡುಗನ ಹೆಗಲಿಗೆ ಕಂಬಳಿ ಹೊದಿಸಿದ್ದೇನೆ. ಆ ಎರಡನೆಯ ಮುದ್ದೆಯಲ್ಲಿ ಉಳಿದ ಹಿಟ್ಟಿನದೇ ಅವನು, ಅಕ್ಕನ ಮಗಳ ಬಣ್ಣದವನೇ.