ತೆರೆದ ಲಾರಿಯಲ್ಲಿ ನಾಯಿಯ ಪ್ರಯಾಣ

ರಾಜಾಜಿನಗರದಿಂದ ಕೆಂಗೇರಿಯವರೆಗೆ ಹಬ್ಬಿರುವ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಸರಕು ವಾಹನಗಳ ಸಂಚಾರಕ್ಕೆ ವಿರಾಮವೆಂಬುದೇ ಇಲ್ಲ. ಒಂದು ಕಡೆ ಪೀಣ್ಯ ಮತ್ತು ರಾಜಾಜಿನಗರದ ಕೈಗಾರಿಕಾ ವಸಾಹತುಗಳು, ಇನ್ನೊಂದು ಕಡೆ ಯಶವಂತಪುರದ ಮಾರುಕಟ್ಟೆಯ ಪ್ರಾಂಗಣ. ಇವುಗಳ ನಡುವೆ ಮಾಗಡಿ ರಸ್ತೆ, ಮೈಸೂರು ರಸ್ತೆ ಮತ್ತು ಹೊರವರ್ತುಲ ರಸ್ತೆ. ಲಾರಿ, ಟೆಂಪೊ, ಲಗೇಜ್ ಆಟೋಗಳ ಈ ಪ್ರವಾಹದಲ್ಲಿ ಆಗಾಗ್ಗೆ ಕಣ್ಣಿಗೆ ಬೀಳುವ ದೃಶ್ಯವೊಂದುಂಟು. ಬಾಡಿಗೆ ಮನೆ ಬದಲಿಸುವ ಕುಟುಂಬದ ಮಂಚ, ಬೀರು, ಪಾತ್ರೆಗಳ ಮೂಟೆ ಇವುಗಳ ಮೇಲೆ ಮನೆಯ ನಾಯಿ ನಿಂತಿರುತ್ತದೆ. ಕಟ್ಟಡದ ಕೆಲಸ ಮುಗಿದು ಕೂಲಿಗಾರರು ಬೇರೆ ನಿವೇಶನಕ್ಕೆ ಹೊರಟಾಗ ಕಬ್ಬಿಣದ ಸರಳುಗಳ ಪಕ್ಕದಲ್ಲಿ ಕಾವಲಿನ ನಾಯಿಯೂ ಹೊರಡುತ್ತದೆ. ಕುರಿ ತುಂಬಿದ ಲಾರಿಯಲ್ಲಿ ಕುರಿಗಾಹಿಯ ನಾಯಿ ಇರುತ್ತದೆ. ಕಿವಿಗಳು ಗಾಳಿಗೆ ಹಿಂದಕ್ಕೆ ಬಾಗಿವೆ, ಬಾಯಿ ತೆರೆದಿದೆ, ನಾಲಗೆ ಹೊರಚಾಚಿದೆ. ನೋಡಿದವರು ನಾಯಿಗೆ ಸವಾರಿ ಸಿಕ್ಕಿತೆಂದು ನಕ್ಕು ಮುಂದೆ ಸಾಗುತ್ತಾರೆ.

ಆ ನಗೆಗೆ ಆಧಾರವಿದೆಯೇ ಎಂಬುದು ವಿಚಾರಿಸತಕ್ಕ ವಿಷಯ. ಗಾಳಿಯಲ್ಲಿ ತೇಲಿ ಬರುವ ವಾಸನೆಗಳು ನಾಯಿಗೆ ಪ್ರಿಯವೆಂಬುದು ನಿಜ. ಆದರೆ ತೆರೆದ ಬಾಯಿ ಹರ್ಷದ ಗುರುತೇ ಆಗಿರಬೇಕಾಗಿಲ್ಲ. ಮನುಷ್ಯನಂತೆ ಮೈಯೆಲ್ಲಾ ಬೆವರಿ ತಂಪಾಗುವ ಸೌಲಭ್ಯ ನಾಯಿಗಿಲ್ಲ. ಅದರ ಬೆವರು ಬಹುಮಟ್ಟಿಗೆ ಅಂಗಾಲುಗಳಿಗೆ ಸೀಮಿತ. ದೇಹದ ಶಾಖವನ್ನು ಅದು ಏದುಸಿರಿನ ಮೂಲಕ ಹೊರಹಾಕಬೇಕು. ಭಯಗೊಂಡಾಗಲೂ ಅದು ಹಾಗೆಯೇ ಏದುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಲಾರಿಯ ಕಬ್ಬಿಣದ ತಳದ ಮೇಲೆ ಅಂಗೈಯನ್ನು ಅರ್ಧ ನಿಮಿಷ ಇಟ್ಟು ನೋಡಿದವನಿಗೆ, ಬರಿಗಾಲಿನ ಆ ಪ್ರಾಣಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುವುದು ಕುಣಿತವಲ್ಲವೆಂಬುದು ಹೊಳೆಯದಿರದು.

ಕನ್ನಡ ನಾಡು ನಾಯಿಯನ್ನು ಅಲ್ಪವೆಂದು ಎಣಿಸಿದ ನಾಡಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿಯನ್ನು ದಾಟಿ ಮುಂದೆ ಹೋದರೆ ಮದ್ದೂರು ತಾಲ್ಲೂಕು ಸಿಗುತ್ತದೆ; ಅಲ್ಲಿಯ ಆತಕೂರಿನಲ್ಲಿ ದೊರೆತ ಕ್ರಿ.ಶ. 949-50ರ ಶಿಲಾಶಾಸನ ಒಂದು ನಾಯಿಯ ವೀರಗಲ್ಲು. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಮೆಚ್ಚುಗೆಗೆ ಪಾತ್ರನಾದ ಮಣಲೇರನಿಗೆ ಬೇಡಿದ್ದನ್ನು ಕೊಡುವೆನೆಂದಾಗ, ಆ ವೀರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪ್ರವಾಸ ಹೋಗುವ ವಿದ್ಯಾರ್ಥಿಗಳು ಅದರ ಮುಂದೆ ಐದು ನಿಮಿಷ ನಿಂತರೆ ನಷ್ಟವೇನೂ ಇಲ್ಲ. ಶರಣರ ಪರಂಪರೆಯಲ್ಲಿಯೂ ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ಹೇಳಿಸಿದರೆಂಬ ಕಥೆ ಪ್ರಸಿದ್ಧವಾದುದು. ಇಷ್ಟು ಗೌರವ ಪಡೆದ ಪ್ರಾಣಿಯನ್ನು ಮೂಟೆಯ ಮೇಲಿನ ಇನ್ನೊಂದು ಮೂಟೆಯಂತೆ ಸಾಗಿಸುವುದು ಕ್ರೌರ್ಯದಿಂದ ನಡೆಯುವ ಕೆಲಸವೆಂದು ಹೇಳಲಾಗದು. ಬಿಟ್ಟು ಹೋಗಲು ಮನಸ್ಸು ಬಾರದೆ ಪ್ರೀತಿಯಿಂದಲೇ ಕರೆದೊಯ್ಯುತ್ತಾರೆ. ಕೊರತೆಯಿರುವುದು ತಿಳಿವಳಿಕೆಯಲ್ಲಿ, ಆ ತಿಳಿವಳಿಕೆಯಾದರೋ ಪ್ರೌಢಶಾಲೆಯ ವಿಜ್ಞಾನದ ಪುಸ್ತಕದಲ್ಲಿಯೇ ಇದೆ.

ಚಲಿಸುವ ಲಾರಿಯೊಳಗಿನ ಪ್ರತಿಯೊಂದು ವಸ್ತುವೂ ಲಾರಿಯ ವೇಗವನ್ನೇ ಪಡೆದಿರುತ್ತದೆ. ಚಾಲಕನು ಬ್ರೇಕು ಒತ್ತಿದಾಗ ನಿಲ್ಲುವುದು ಲಾರಿ ಮಾತ್ರ. ನಾಯಿಯನ್ನು ನಿಲ್ಲಿಸಲು ಅದರ ಕಾಲುಗಳಿಗೂ ತಳಕ್ಕೂ ನಡುವಿನ ಘರ್ಷಣೆಯ ಹೊರತು ಬೇರೊಂದು ಬಲವಿಲ್ಲ. ನಾಯಿಯ ಉಗುರುಗಳು ಮಣ್ಣಿನಲ್ಲಿ ಚೆನ್ನಾಗಿ ನಾಟುತ್ತವೆ. ಬಣ್ಣ ಬಳಿದ ಕಬ್ಬಿಣದ ತಗಡಿನಲ್ಲಿ, ಅದರಲ್ಲಿಯೂ ಮಳೆಯ ನೀರೋ ಎಣ್ಣೆಯೋ ಚೆಲ್ಲಿದ ತಗಡಿನಲ್ಲಿ, ಅವು ಗೀರುವುದುಂಟೇ ಹೊರತು ಹಿಡಿಯುವುದಿಲ್ಲ. ತಿರುವಿನಲ್ಲಿಯೂ ಇದೇ ನ್ಯಾಯ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ, 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಟೆಂಪೊ ತಿರುಗಿತೆನ್ನಿ. 20 ಕಿಲೋಗ್ರಾಂ ತೂಕದ ನಾಯಿ ಅದರೊಡನೆ ತಿರುಗಬೇಕಾದರೆ ಸುಮಾರು 6 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಅದನ್ನು ಒಳಮುಖವಾಗಿ ಎಳೆಯುತ್ತಿರಬೇಕು. ನಾಯಿಯನ್ನು ಯಾರೂ ಹೊರಕ್ಕೆ ತಳ್ಳುವುದಿಲ್ಲ. ಒಳಕ್ಕೆ ಎಳೆಯುವ ಹಿಡಿತ ಸಾಲದೆ, ವಾಹನವು ತಿರುಗಿದಾಗ ನಾಯಿ ನೇರವಾಗಿ ಸಾಗಿಬಿಡುತ್ತದೆ. ಅಂಚಿನ ಮೇಲೆ ಮುಂಗಾಲಿಟ್ಟು ನಿಂತಿದ್ದರೆ ಅದರ ಗುರುತ್ವಕೇಂದ್ರವೂ ಎತ್ತರದಲ್ಲಿರುವುದರಿಂದ ಬೀಳುವುದು ಇನ್ನಷ್ಟು ಸುಲಭ.

ಬಿದ್ದರೆ ಆಗುವುದೇನು? ಲೆಕ್ಕವನ್ನು ಮಕ್ಕಳೇ ಮಾಡಬಹುದು. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಎತ್ತರದಿಂದ ಬೀಳುವ ವಸ್ತು ಇದೇ ವೇಗವನ್ನು ಪಡೆಯಲು ಸುಮಾರು 6.3 ಮೀಟರ್, ಅಂದರೆ 20 ಅಡಿಗೂ ಹೆಚ್ಚು ಬೀಳಬೇಕು. ಎರಡು ಅಂತಸ್ತಿನ ಮನೆಯ ಮಾಳಿಗೆಯಿಂದ ಬಿದ್ದ ನಾಯಿಯ ಚಲನಶಕ್ತಿ ಎಷ್ಟೋ, ಮಾಗಡಿ ರಸ್ತೆಯಲ್ಲಿ ಸಾಧಾರಣ ವೇಗದ ಟೆಂಪೊದಿಂದ ಜಾರಿದ ನಾಯಿಯ ಚಲನಶಕ್ತಿಯೂ ಅಷ್ಟೇ. ವೇಗ 60 ಕಿಲೋಮೀಟರಿಗೆ ಏರಿದರೆ ಆ ಎತ್ತರ 14 ಮೀಟರು ದಾಟುತ್ತದೆ. ನಾಲ್ಕು ಅಂತಸ್ತಿನ ಕಟ್ಟಡವೆಂದಾಯಿತು. ರಸ್ತೆಗೆ ಬಿದ್ದ ಪ್ರಾಣಿ ಒಮ್ಮೆಗೇ ನಿಲ್ಲದೆ ಉರುಳಿ ಜಾರುವುದರಿಂದ ಪೆಟ್ಟಿನ ಬಗೆ ಬೇರೆ: ಚರ್ಮ ಕಿತ್ತುಹೋಗುತ್ತದೆ, ಕಾಲು ಮುರಿಯುತ್ತದೆ. ಅದಕ್ಕಿಂತಲೂ ಘೋರವಾದದ್ದು ಹಿಂದಿನಿಂದ ಬರುವ ವಾಹನ. ನಾಯಿಯನ್ನು ತಪ್ಪಿಸಲು ಹೋದ ಸ್ಕೂಟರ್ ಸವಾರನು ತಾನೇ ಬೀಳುವ ಸಂಭವವನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಹಾಗಾದರೆ ಕುತ್ತಿಗೆಗೆ ಹಗ್ಗ ಕಟ್ಟಿಬಿಟ್ಟರೆ ಆಯಿತಲ್ಲ ಎಂಬ ಮಾತು ಸಹಜವಾಗಿ ಬರುತ್ತದೆ. ಹೆಚ್ಚು ಜನ ಮಾಡುವುದೂ ಅದನ್ನೇ. ಅಪಾಯ ಹೆಚ್ಚುವುದೂ ಅಲ್ಲಿಯೇ. ಉದ್ದವಾದ ಹಗ್ಗದಿಂದ ಕಟ್ಟಿದ ನಾಯಿ ಅಂಚನ್ನು ದಾಟಿ ಬಿದ್ದರೆ ಹಗ್ಗವೇ ನೇಣಾಗುತ್ತದೆ. ಕಾಲು ನೆಲಕ್ಕೆ ತಾಗಿದರೆ ಚಾಲಕನಿಗೆ ತಿಳಿಯುವವರೆಗೂ ರಸ್ತೆಯ ಮೇಲೆ ಎಳೆದಾಡಲ್ಪಡುತ್ತದೆ. ಬೀಳದಿದ್ದರೂ ಸಡಿಲವಾದ ಹಗ್ಗ ಒಳ್ಳೆಯದಲ್ಲ. ಬ್ರೇಕು ಬಿದ್ದಾಗ ನಾಯಿ ಸ್ವಲ್ಪ ದೂರ ಜಾರಿದ ಮೇಲೆ ಹಗ್ಗ ಥಟ್ಟನೆ ಬಿಗಿಯುತ್ತದೆ, ಆ ಜಗ್ಗು ಪೂರ್ತಿಯಾಗಿ ಕುತ್ತಿಗೆಯ ಮೇಲೆ ಬೀಳುತ್ತದೆ. ಕಟ್ಟಲೇಬೇಕಾದರೆ ಎದೆಯನ್ನೂ ಬೆನ್ನನ್ನೂ ಬಳಸಿ ಬರುವ ಪಟ್ಟಿಯನ್ನು ತೊಡಿಸಿ, ಚಾಲಕನ ಕ್ಯಾಬಿನ್ನಿನ ಹಿಂದೆಯೇ, ಎಡಬಲ ಎರಡೂ ಬದಿಗಳಿಗೆ ಗಿಡ್ಡನೆಯ ಹಗ್ಗಗಳಿಂದ ಬಿಗಿಯಬೇಕು. ನಾಯಿ ಕುಳಿತುಕೊಳ್ಳಲೂ ಮಲಗಲೂ ಸಾಧ್ಯವಾಗಬೇಕು. ಯಾವ ಅಂಚನ್ನೂ ಮುಟ್ಟಲಾಗಬಾರದು.

ಇದಕ್ಕಿಂತ ಉತ್ತಮವಾದದ್ದು ಗೂಡು. ಭಾರತ ಸರ್ಕಾರದ 1978ರ ಪ್ರಾಣಿ ಸಾಗಣೆ ನಿಯಮಗಳು ಇದನ್ನು ಸ್ಪಷ್ಟವಾಗಿಯೇ ಹೇಳಿವೆ. ಸಾರ್ವಜನಿಕ ವಾಹನದಲ್ಲಿ ನಾಯಿಯನ್ನು ಅಲ್ಪ ದೂರಕ್ಕೆ ಒಯ್ಯುವಾಗಲೂ ಗೂಡಿನಲ್ಲಿಡಬೇಕು; ಆ ಗೂಡನ್ನು ವಾಹನದ ಮಾಡಿನ ಮೇಲಿಡದೆ ಒಳಗಡೆ ಇಡಬೇಕು; ಚಾಲಕನು ಸಾಧ್ಯವಾದಷ್ಟು ಒಂದೇ ವೇಗವನ್ನು ಕಾಯ್ದುಕೊಂಡು, ಹಠಾತ್ತನೆ ನಿಲ್ಲಿಸುವುದನ್ನೂ ಕುಲುಕಾಟವನ್ನೂ ತಪ್ಪಿಸಬೇಕು; ನೋಡಿಕೊಳ್ಳಲು ಒಬ್ಬನಾದರೂ ಜೊತೆಗಿರಬೇಕು. ದೂರದ ಪ್ರಯಾಣವಾದರೆ ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಆಹಾರ ನೀರು ಕೊಟ್ಟಿರಬೇಕು. ಬೇಸಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ, ಚಳಿಗಾಲದಲ್ಲಿ ಆರು ಗಂಟೆಗೊಮ್ಮೆ ಕುಡಿಯಲು ನೀರು ದೊರೆಯಬೇಕು. ಗಬ್ಬವಾಗಿ ದಿನ ತುಂಬುತ್ತಿರುವ ನಾಯಿಯನ್ನು ಸಾಗಿಸಲೇಬಾರದು. ಇವುಗಳ ಹಿಂದೆ 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮವಿದೆ. ಅನಾವಶ್ಯಕ ನೋವಾಗುವ ರೀತಿಯಲ್ಲಿ ಯಾವ ಪ್ರಾಣಿಯನ್ನು ಸಾಗಿಸಿದರೂ ಅದರ 11ನೆಯ ಕಲಮಿನಂತೆ ಅಪರಾಧ. ಮೊದಲನೆಯ ಅಪರಾಧಕ್ಕೆ ದಂಡ ಮಾತ್ರ 10 ರೂಪಾಯಿಯಿಂದ 50 ರೂಪಾಯಿ. ಒಂದು ಲೋಟ ಕಾಫಿಗೂ ಸಾಲದ ದಂಡಕ್ಕೆ ಅಂಜುವವರು ಯಾರು? ಕಾನೂನಿನ ಹೆದರಿಕೆಯಿಂದ ಈ ಕೆಲಸ ಆಗಲಾರದೆಂಬುದು ಇದರಿಂದಲೇ ಗೊತ್ತಾಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ವಾಹನ ಕಾಯಿದೆ ಇದೇ ವಿಷಯಕ್ಕೆ ಪ್ರತ್ಯೇಕ ಕಲಮನ್ನು ಹೊಂದಿದೆ. ಅಲ್ಲಿ ತೆರೆದ ಟ್ರಕ್ಕಿನಲ್ಲಿ ಪ್ರಾಣಿಯನ್ನು ಹೆದ್ದಾರಿಗೆ ತರಬೇಕಾದರೆ ತಳದಿಂದ 46 ಅಂಗುಲ ಎತ್ತರದ ಕಟಕಟೆ ಸುತ್ತಲೂ ಇರಬೇಕು, ಇಲ್ಲವೆ ಭದ್ರವಾದ ಗೂಡಿರಬೇಕು, ಇಲ್ಲವೆ ಎರಡೂ ಬದಿಗೆ ಅಡ್ಡಗಟ್ಟಿ ಬಿಗಿದಿರಬೇಕು. ದನಕಾಯುವ ನಾಯಿಗಳಿಗೆ ಹಳ್ಳಿಗಾಡಿನ ರಸ್ತೆಗಳಲ್ಲಿ ವಿನಾಯಿತಿಯುಂಟು. ನಮ್ಮ ಲಗೇಜ್ ಆಟೋಗಳ ಪಕ್ಕದ ಹಲಗೆ ಈ ಎತ್ತರಕ್ಕೆ ಎಲ್ಲಿಯೂ ಸಮೀಪಿಸುವುದಿಲ್ಲ.

ವಾಸ್ತವವಾಗಿ ಈ ವಿದ್ಯೆಯನ್ನು ಕಲಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಶಿವರಾತ್ರಿಯ ಸುಮಾರಿಗೆ ಸಿದ್ಧಗಂಗೆಯಲ್ಲಿ ನಡೆಯುವ ದನಗಳ ಜಾತ್ರೆಯಿಂದ ಎತ್ತುಗಳನ್ನು ಕೊಂಡು ಲಾರಿ ಹತ್ತಿಸುವ ರೈತನನ್ನು ಗಮನಿಸಿದರೆ ಸಾಕು. ಹುಲ್ಲು ಹಾಸದೆ ಅವನು ಎತ್ತನ್ನು ಹತ್ತಿಸುವುದಿಲ್ಲ; ಗಿಡ್ಡವಾಗಿ ಕಟ್ಟದೆ ಹೊರಡುವುದಿಲ್ಲ; ತಾನೋ ತನ್ನ ಮಗನೋ ಹಿಂದೆ ನಿಲ್ಲದೆ ಇರುವುದಿಲ್ಲ. 1978ರ ನಿಯಮಗಳು ದನಗಳ ವಿಷಯದಲ್ಲಿ ಹೇಳುವುದೂ ಇದನ್ನೇ: ಜಾರದಂತೆ ತೆಂಗಿನ ನಾರಿನ ಚಾಪೆ ಅಥವಾ ಮರದ ಹಲಗೆ ಹಾಸಬೇಕು, ಬದಿಗಳು ತಗ್ಗಾಗಿದ್ದರೆ ಎತ್ತರಿಸಬೇಕು, ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನಗಳಿರಬಾರದು, ಜೊತೆಯಲ್ಲಿ ಬೇರೆ ಸರಕು ಹೇರಬಾರದು, ದನದ ಮುಖ ಎಂಜಿನ್ನಿನ ಕಡೆಗಿದ್ದರೆ ಮೇಲು. ಎತ್ತಿಗೆ ಸಾವಿರಾರು ರೂಪಾಯಿ ತೆತ್ತವನು ಇಷ್ಟನ್ನು ತಾನಾಗಿಯೇ ಮಾಡುತ್ತಾನೆ. ಬೀದಿಯಿಂದ ಬಂದು ಮನೆ ಸೇರಿದ ನಾಯಿಗೆ ಬೆಲೆ ತೆತ್ತವರಿಲ್ಲ. ಅದಕ್ಕೇ ಅದರ ಪಾಲಿಗೆ ಚಾಪೆಯೂ ಇಲ್ಲ. ಸಂತಾನಹರಣ ಚಿಕಿತ್ಸೆಗಾಗಿ ಬೀದಿನಾಯಿಗಳನ್ನು ಒಯ್ಯುವ ವಾಹನಕ್ಕೆ ಜಾಲರಿಯ ಗೂಡಿರುತ್ತದೆ, ಮನೆಯ ಮುದ್ದಿನ ನಾಯಿ ಮಾತ್ರ ಅಟ್ಟಿದ ಬೀರುವಿನ ಮೇಲೆ ನಿಂತು ಹೋಗುತ್ತದೆಂಬುದು ವಿಚಿತ್ರವಾದರೂ ನಿಜ.

ಮನೆ ಬದಲಿಸುವವರಿಗೆ ಆಗಬೇಕಾದ ಸಿದ್ಧತೆ ಬಹಳವೇನಿಲ್ಲ. ಸಣ್ಣ ನಾಯಿಯಾದರೆ ಸಾಮಾನಿನ ವಾಹನದಲ್ಲಿ ಕಳುಹಿಸದೆ, ಕುಟುಂಬದವರು ಹೋಗುವ ಕಾರಿನಲ್ಲೋ ಆಟೋದಲ್ಲೋ ಒಬ್ಬರ ಕೈಯಲ್ಲಿ ಕರೆದೊಯ್ಯಬಹುದು. ಚಾಲಕನ ತೊಡೆಯ ಮೇಲೆ ಮಾತ್ರ ಕೂರಿಸಬಾರದು. ದೊಡ್ಡ ನಾಯಿಗೆ ಗೂಡು ಬೇಕು, ಆ ಗೂಡನ್ನೂ ಹಗ್ಗದಿಂದ ಲಾರಿಯ ಬಾಡಿಗೆ ಬಿಗಿಯಬೇಕು. ಕಟ್ಟದ ಗೂಡು ನಾಯಿಯೊಡನೆಯೇ ಜಾರುತ್ತದೆ. ಒಳಗೆ ನಿಲ್ಲಲು, ತಿರುಗಲು, ಮಲಗಲು ಎಡೆಯಿರಬೇಕು. ತಳಕ್ಕೆ ಮಡಿಸಿದ ಗೋಣಿಚೀಲ, ಮೇಲೆ ನೆರಳಿಗೊಂದು ಹೊದಿಕೆ, ಗಾಳಿಗೆ ತೆರೆದ ಬದಿಗಳು. ಧೂಳೂ ಮರಳಿನ ಕಣವೂ ಕಣ್ಣಿಗೆ ಹೊಡೆಯುವುದರಿಂದ ಮುಂಭಾಗ ಮುಚ್ಚಿರಲಿ. ಪ್ರಯಾಣ ಬೆಳಿಗ್ಗೆಯೋ ಸಂಜೆಯೋ ಆಗಲಿ. ಬಸವೇಶ್ವರನಗರದಿಂದ ಕೆಂಗೇರಿ ಉಪನಗರಕ್ಕೆ ದೂರವೇನು ಮಹಾ ಎಂದು ಉದಾಸೀನ ಮಾಡುವಂತಿಲ್ಲ. ಆ ಅಲ್ಪ ದೂರದಲ್ಲಿಯೇ ರಸ್ತೆಯುಬ್ಬುಗಳೂ ಮೇಲ್ಸೇತುವೆಗಳೂ ನಾಯಂಡಹಳ್ಳಿಯ ಜನಜಂಗುಳಿಯೂ ಇವೆ. 2023ರಲ್ಲಿ ಉದ್ಘಾಟನೆಯಾದ ಮೈಸೂರಿನ ಹೊಸ ಹೆದ್ದಾರಿಗೆ ಹತ್ತಿದ ಮೇಲಂತೂ ವೇಗದ ಲೆಕ್ಕವೇ ಬೇರೆ.

ರಸ್ತೆಯಲ್ಲಿ ಬಿದ್ದ ನಾಯಿಯನ್ನು ಕಂಡವರು ಓಡಿಹೋಗಿ ಎತ್ತಿಕೊಳ್ಳಬಾರದು. ನೋವಿನಲ್ಲಿರುವ ನಾಯಿ ತನ್ನ ಒಡೆಯನನ್ನೂ ಕಚ್ಚುತ್ತದೆ. ಮೊದಲು ಹಿಂದಿನ ವಾಹನಗಳನ್ನು ನಿಲ್ಲಿಸಿ, ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಮೆತ್ತನೆಯ ಬಟ್ಟೆಯಿಂದ ಮೂತಿಯನ್ನು ಹಗುರವಾಗಿ ಸುತ್ತಿ, ಕಂಬಳಿಯ ಮೇಲೆ ಮೆಲ್ಲಗೆ ಸರಿಸಿ, ನಾಲ್ಕು ಮೂಲೆ ಹಿಡಿದು ಎತ್ತಬೇಕು, ಬೆನ್ನು ಬಾಗಬಾರದು. ಎದ್ದು ನಡೆದಾಡುತ್ತಿದ್ದರೂ ಒಳಗೆ ರಕ್ತಸ್ರಾವವಾಗಿರಬಹುದಾದ್ದರಿಂದ ಪಶುವೈದ್ಯರಿಗೆ ತೋರಿಸಲೇಬೇಕು. ಕಚ್ಚಿಸಿಕೊಂಡವರು ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ನಾಯಿಯ ರೇಬಿಸ್ ಲಸಿಕೆಯ ಚೀಟಿಯನ್ನು ಸಾಮಾನಿನ ಪೆಟ್ಟಿಗೆಗೆ ಹಾಕದೆ, ನಾಯಿಯೊಡನೆ ಹೋಗುವವರು ತಮ್ಮ ಜೇಬಿನಲ್ಲಿಯೇ ಇಟ್ಟುಕೊಂಡಿದ್ದರೆ ಅಂತಹ ಸಮಯದಲ್ಲಿ ವೈದ್ಯರಿಗೆ ತೋರಿಸಲು ಅನುಕೂಲವಾಗುತ್ತದೆ.