ರಿಟರ್ನ್ ತುಂಬುವ ಕೈ ಅವರದು, ಹೊಣೆ ನಿಮ್ಮದು

ಮಹಾರಾಷ್ಟ್ರದ ಗಡಹಿಂಗ್ಲಜದಿಂದ ಚಂದಗಡದ ಕಡೆ ಹೊರಟರೆ ಸಿಗುವ ಮಹಾಗಾಂವ ಈಗ ಕಾಲೇಜಿನ ಊರು. ಸಂತ ಗಜಾನನ ಮಹಾರಾಜರ ಹೆಸರಿನ ಇಂಜಿನಿಯರಿಂಗ್, ಪಾಲಿಟೆಕ್ನಿಕ್, ಫಾರ್ಮಸಿ ಕಾಲೇಜುಗಳು ಇಲ್ಲಿವೆ. ಕಾಲೇಜು ಇದ್ದಲ್ಲಿ ಮೆಸ್ಸು, ಝೆರಾಕ್ಸ್ ಅಂಗಡಿ, ಬಾಡಿಗೆ ಕೋಣೆ, ಚಹಾದಂಗಡಿ ಹುಟ್ಟಿಕೊಳ್ಳುತ್ತವೆ. ತಾಸಿನ ಲೆಕ್ಕದಲ್ಲಿ ಪಾಠ ಮಾಡುವ ಅಧ್ಯಾಪಕರೂ ಇರುತ್ತಾರೆ. ಇವರೆಲ್ಲರಿಗೂ ತೆರಿಗೆಯ ಸಂಬಂಧವಿದೆ, ಆದರೆ ಯಾರೂ ರಿಟರ್ನನ್ನು ಸ್ವತಃ ತುಂಬಲು ಹೋಗುವುದಿಲ್ಲ. ಜುಲೈ ಬಂತೆಂದರೆ ‘ಕರ ಸಲ್ಲಾಗಾರ’ ಎಂಬ ಮರಾಠಿ ಬೋರ್ಡಿನ ಮುಂದೆ ಪ್ಯಾನ್ ಕಾರ್ಡ್, ಆಧಾರ್, ಪಾಸ್‌ಬುಕ್ಕಿನ ಝೆರಾಕ್ಸ್ ಹಿಡಿದು ನಿಲ್ಲುವುದು ರೂಢಿ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ನೋಟಿಸು ಇಂಗ್ಲಿಷಿನಲ್ಲಿ. ಇಂಥ ಗಡಿ ತಾಲ್ಲೂಕಿನಲ್ಲಿ ಸಲಹೆಗಾರರನ್ನು ನಂಬುವುದು ತಪ್ಪಲ್ಲ. ಎಷ್ಟು ನಂಬಬೇಕು, ಯಾವುದನ್ನು ಕೈಬಿಡಬಾರದು ಎಂಬುದು ಮಾತ್ರ ಗೊತ್ತಿರಬೇಕು.

ಇನ್ನೊಬ್ಬರ ಆದಾಯ ತೆರಿಗೆ ರಿಟರ್ನ್ ತುಂಬಿಕೊಡಲು ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಕಂಪ್ಯೂಟರ್ ಇದ್ದ ಯಾರು ಬೇಕಾದರೂ ತುಂಬಬಹುದು. ಅಧಿಕಾರಿಯ ಮುಂದೆ ನಿಮ್ಮ ಪರವಾಗಿ ವಾದಿಸುವುದಾದರೆ ಮಾತ್ರ 1961ರ ಆದಾಯ ತೆರಿಗೆ ಕಾಯ್ದೆಯ 288ನೇ ಕಲಮು ಅಡ್ಡ ಬರುತ್ತದೆ. ಆ ಹಕ್ಕು ಇರುವುದು ವಕೀಲರು, ಚಾರ್ಟರ್ಡ್ ಅಕೌಂಟೆಂಟರು, ನಿಮ್ಮ ಸಂಬಂಧಿಕರು, ನಿಗದಿತ ವಿದ್ಯಾರ್ಹತೆ ಇದ್ದವರು ಮುಂತಾದ ಕೆಲವರಿಗಷ್ಟೇ. ಜಿಎಸ್‌ಟಿಯಲ್ಲಿ ನೋಂದಾಯಿತ ಜಿಎಸ್‌ಟಿ ಪ್ರಾಕ್ಟೀಷನರ್ ಎಂಬ ವರ್ಗವೇ ಬೇರೆ ಇದೆ. ಅವರ ಹೆಸರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕಿ ನೋಡಬಹುದು. ಹಾಗಿದ್ದರೂ ಅವರು ತುಂಬಿದ ವಿವರ ಸರಿಯೋ ತಪ್ಪೋ ಎಂಬ ಹೊಣೆ ವ್ಯಾಪಾರಿಯದೇ ಎಂದು ಜಿಎಸ್‌ಟಿ ಕಾಯ್ದೆಯ 48ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆದಾಯ ತೆರಿಗೆಯಲ್ಲೂ ಅದೇ ಮಾತು: ರಿಟರ್ನಿನ ಕೊನೆಗಿರುವ ಪ್ರಮಾಣೀಕರಣ ನಿಮ್ಮ ಹೆಸರಿನಲ್ಲಿರುತ್ತದೆ. ‘ಅವರು ತುಂಬಿದರು, ನನಗೆ ಗೊತ್ತಿಲ್ಲ’ ಎಂಬ ಉತ್ತರ ನಿಲ್ಲುವುದಿಲ್ಲ.

ಹೀಗೆ ಗೊತ್ತಿಲ್ಲದಿರುವುದು ಎಷ್ಟು ದುಬಾರಿಯಾದೀತು ಎಂಬುದು 2025ರ ಜುಲೈ 14ರಂದು ಗೊತ್ತಾಯಿತು. ಸುಳ್ಳು ವಿನಾಯಿತಿ ತೋರಿಸಿ ರಿಫಂಡ್ ಎತ್ತುವ ಜಾಲಗಳ ಮೇಲೆ ಕೇಂದ್ರ ನೇರ ತೆರಿಗೆ ಮಂಡಳಿ ಅಂದು ದೇಶದ ಹಲವೆಡೆ ತಪಾಸಣೆ ನಡೆಸಿತು. ಅದಕ್ಕೆ ಸ್ವಲ್ಪ ಮೊದಲು ಶೋಧ ನಡೆದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇತ್ತು. ಕಟ್ಟದ ಮನೆಬಾಡಿಗೆ, ಕೊಡದ ರಾಜಕೀಯ ದೇಣಿಗೆ, ಇಲ್ಲದ ಆರೋಗ್ಯ ವಿಮೆ, ಪಡೆಯದ ಶಿಕ್ಷಣ ಸಾಲ ಎಲ್ಲವೂ ರಿಟರ್ನ್‌ಗಳಲ್ಲಿ ಸೇರಿದ್ದವು. ಇದರಲ್ಲಿ ಸಿಕ್ಕಿಕೊಂಡವರಲ್ಲಿ ಶಿಕ್ಷಣ ಸಂಸ್ಥೆಗಳ ನೌಕರರೂ ಇದ್ದರೆಂದು ಮಂಡಳಿಯೇ ಹೇಳಿತು. ತುಂಬಿಕೊಟ್ಟವರು ರಿಫಂಡಿನಲ್ಲಿ ಕಮಿಷನ್ ಪಡೆದಿದ್ದರು. ರಾಶಿ ರಾಶಿ ರಿಟರ್ನ್ ತುಂಬುವುದಕ್ಕೆಂದೇ ತಾತ್ಕಾಲಿಕ ಇಮೇಲ್ ಐಡಿ ಸೃಷ್ಟಿಸಿ, ಕೆಲಸ ಮುಗಿದ ಮೇಲೆ ಅದನ್ನು ಬಿಟ್ಟುಬಿಡುತ್ತಿದ್ದರು. ಇಲಾಖೆ ಕಳಿಸಿದ ನೋಟಿಸು ಯಾರೂ ತೆರೆಯದ ಆ ಇಮೇಲ್‌ಗೆ ಹೋಗಿ ಬೀಳುತ್ತಿತ್ತು. ತೆರಿಗೆದಾರನಿಗೆ ಸುದ್ದಿಯೇ ಇಲ್ಲ.

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಇ-ಫೈಲಿಂಗ್ ಪೋರ್ಟಲ್‌ನಲ್ಲಿ ನಿಮ್ಮ ಪ್ರೊಫೈಲ್ ತೆರೆದರೆ ಸಂಪರ್ಕ ವಿವರ ಎಂಬ ಭಾಗ ಬರುತ್ತದೆ. ಅಲ್ಲಿ ನಮೂದಾದ ಮೊಬೈಲ್ ನಿಮ್ಮ ಜೇಬಿನಲ್ಲಿರುವುದೇ? ಇಮೇಲ್ ನೀವು ತೆರೆಯುವುದೇ? ಬೇರೆ ಯಾರದೋ ಇದ್ದರೆ ಆಧಾರ್ ಒಟಿಪಿಯ ಮೂಲಕ ಪಾಸ್‌ವರ್ಡ್ ಬದಲಿಸಿ ಅಂದೇ ಸರಿಪಡಿಸಿ. ಸಲಹೆಗಾರರು ಕೆಲಸಕ್ಕಾಗಿ ಲಾಗಿನ್ ಕೇಳಿದರೆ ಎದುರಿಗೆ ಕೂತು ತುಂಬಿಸಿ. ಒಟಿಪಿ ಹೇಳುವ ಮುನ್ನ ಯಾವ ಆದಾಯ ತೋರಿಸಿದ್ದಾರೆ, ಯಾವ ಕಡಿತ ಕೇಳಿದ್ದಾರೆ ಎಂದು ಪರದೆಯ ಮೇಲೆ ಓದಿಸಿ. ಕೇಳದೇ ಇದ್ದ ಕಡಿತ ಒಂದು ಕಂಡರೂ ‘ಇದೇನು, ಇದರ ರಸೀದಿ ಎಲ್ಲಿದೆ’ ಎಂದು ಕೇಳುವುದು ನಿಮ್ಮ ಹಕ್ಕು. ಕೆಲಸ ಮುಗಿದ ಮೇಲೆ ಪೂರ್ತಿ ರಿಟರ್ನಿನ ಪಿಡಿಎಫ್ ಪಡೆಯಿರಿ, ಸ್ವೀಕೃತಿಯ ಒಂದು ಹಾಳೆ ಸಾಲದು. ತುಂಬಿದ 30 ದಿನದೊಳಗೆ ಇ-ವೆರಿಫೈ ಆಗದಿದ್ದರೆ ಕಾಲಮಿತಿಯಲ್ಲಿ ಸಲ್ಲಿಸಿದ ಲಾಭವೇ ಕೈತಪ್ಪುತ್ತದೆ.

ಶುಲ್ಕದ ಮಾತು. ಗಡುವಿನೊಳಗೆ ರಿಟರ್ನ್ ಸಲ್ಲಿಸಲು ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ನೀವು ಕೊಡುವುದು ತುಂಬಿದವರ ಶ್ರಮಕ್ಕೆ. ಆ ಮೊತ್ತವನ್ನು ಮೊದಲೇ ಮಾತಾಡಿ, ರಸೀದಿ ಪಡೆಯಿರಿ. ‘ರಿಫಂಡ್ ಬಂದರೆ ಇಷ್ಟು ಪರ್ಸೆಂಟ್ ನಮಗೆ’ ಎಂದವರಿಂದ ಎದ್ದು ಬನ್ನಿ. ಹೀಗೆ ಫಲಿತಾಂಶಕ್ಕೆ ಗಂಟು ಹಾಕಿದ ಶುಲ್ಕ ಪಡೆಯುವುದು ಚಾರ್ಟರ್ಡ್ ಅಕೌಂಟೆಂಟರಿಗೆ 1949ರ ಅವರ ಕಾಯ್ದೆಯ ಪ್ರಕಾರ ವೃತ್ತಿ ದುರ್ನಡತೆ. ಅವರಿಗೇ ಸಲ್ಲದ್ದು ಬೇರೆಯವರಿಗೆ ಹೇಗೆ ಸಲ್ಲುತ್ತದೆ?

ಅಷ್ಟಕ್ಕೂ ಸಾಮಾನ್ಯ ನೌಕರರಿಗೆ ಈಗ ಸುಳ್ಳಿನ ಅಗತ್ಯವೇ ಇಲ್ಲ. 2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಬೇಟ್ ಸಿಕ್ಕು ತೆರಿಗೆ ಸೊನ್ನೆಯಾಗುತ್ತದೆ. ಸಂಬಳದಾರರಿಗೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೂ ತೆರಿಗೆ ಕಟ್ಟಬೇಕಿಲ್ಲ. ಲಾಟರಿ, ಷೇರಿನ ಲಾಭದಂಥ ವಿಶೇಷ ದರದ ಆದಾಯಕ್ಕೆ ಈ ಲೆಕ್ಕ ಬೇರೆ.

ತೆರಿಗೆ ಇಲ್ಲವೆಂದರೆ ರಿಟರ್ನ್ ಬೇಡವೆಂದಲ್ಲ. ತಾಸಿನ ಲೆಕ್ಕದ ಅಧ್ಯಾಪಕರನ್ನೇ ನೋಡಿ. ಹಲವು ಕಾಲೇಜುಗಳು ಅವರ ಗೌರವಧನವನ್ನು ಸಂಬಳವೆಂದು ನೋಡದೆ ವೃತ್ತಿಪರ ಶುಲ್ಕವೆಂದು ಪರಿಗಣಿಸಿ ಶೇ. 10ರಷ್ಟು ಟಿಡಿಎಸ್ ಮುರಿಯುತ್ತವೆ. ವರ್ಷಕ್ಕೆ 1,80,000 ರೂಪಾಯಿ ದುಡಿದವರ 18,000 ರೂಪಾಯಿ ಹೀಗೆ ಸರ್ಕಾರದ ಖಜಾನೆಗೆ ಹೋಗಿ ಕೂತಿರುತ್ತದೆ. ಅವರು ಕೊಡಬೇಕಾದ ತೆರಿಗೆ ಸೊನ್ನೆ. ರಿಟರ್ನ್ ತುಂಬಿದರೆ ಪೂರ್ತಿ ಮೊತ್ತ ವಾಪಸ್ ಬರುತ್ತದೆ, ಗಡುವಿನೊಳಗೆ ತುಂಬಿದ್ದರೆ ಏಪ್ರಿಲ್ 1ರಿಂದ ತಿಂಗಳಿಗೆ ಶೇ. 0.5ರ ಬಡ್ಡಿಯೂ ಸೇರುತ್ತದೆ. ತುಂಬದಿದ್ದರೆ ಅಲ್ಲೇ ಉಳಿಯುತ್ತದೆ. ಕಾಲೇಜಿನ ಕಚೇರಿಯಿಂದ ಫಾರ್ಮ್ 16ಎ ಕೇಳಿ ಪಡೆಯಿರಿ. ಮುರಿದ ಹಣ ನಿಮ್ಮ ಪ್ಯಾನ್‌ಗೇ ಜಮೆಯಾಗಿದೆಯೇ ಎಂದು ಫಾರ್ಮ್ 26ಎಎಸ್‌ನಲ್ಲಿ ತಾಳೆ ನೋಡಿ. ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ನಿಮ್ಮದಲ್ಲದ ವ್ಯವಹಾರ ಕಂಡರೆ ಅಲ್ಲೇ ಆಕ್ಷೇಪ ದಾಖಲಿಸಬಹುದು.

ಗಡಿಯ ಮಕ್ಕಳಿಗೆ ಇಲ್ಲೊಂದು ತೊಡಕಿದೆ. ಕರ್ನಾಟಕದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ, ಮಹಾರಾಷ್ಟ್ರದ ದಾಖಲೆಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಸಾಲಾಗಿ ಬರುತ್ತವೆ. ಪ್ಯಾನ್ ಒಂದು ಥರ, ಆಧಾರ್ ಇನ್ನೊಂದು ಥರ ಆದಾಗ ಜೋಡಣೆ ಆಗುವುದಿಲ್ಲ, ಬ್ಯಾಂಕ್ ಖಾತೆ ದೃಢೀಕರಣ ಆಗುವುದಿಲ್ಲ, ರಿಫಂಡ್ ನಿಂತುಬಿಡುತ್ತದೆ. ಜೋಡಣೆಯಾಗದೆ ಪ್ಯಾನ್ ನಿಷ್ಕ್ರಿಯವಾದರೆ ಟಿಡಿಎಸ್ ಶೇ. 20ಕ್ಕೆ ಏರುತ್ತದೆ. ಜುಲೈವರೆಗೆ ಕಾಯದೆ ಮೊದಲು ಹೆಸರು ಸರಿಮಾಡಿಕೊಳ್ಳಿ.

ನೋಟಿಸು ಬಂದರೆ ಹೆದರುವ ಮೊದಲು ಅದು ಅಸಲಿಯೇ ನೋಡಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಹಾಕುವ ಪದ್ಧತಿ ಇದೆ. ಲಾಗಿನ್ ಇಲ್ಲದೆಯೂ ಪೋರ್ಟಲ್‌ನಲ್ಲಿ ಅದನ್ನು ಪರೀಕ್ಷಿಸಬಹುದು. ರಿಟರ್ನಿನಲ್ಲಿ ದೋಷವಿದೆಯೆಂದರೆ ಸರಿಪಡಿಸಲು 15 ದಿನ. ನಿಮ್ಮ ಲೆಕ್ಕವನ್ನು ಬದಲಿಸುವ ಮುನ್ನ ಇಲಾಖೆ ತಿಳಿಸಿ 30 ದಿನ ಕಾಯಬೇಕು. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ, ಅದರ ಶುಲ್ಕ 250ರಿಂದ 1,000 ರೂಪಾಯಿ. 2020ರ ಆಗಸ್ಟ್ 13ರಂದು ಜಾರಿಗೆ ಬಂದ ತೆರಿಗೆದಾರರ ಸನ್ನದಿನಲ್ಲಿ ಇಲಾಖೆಯೇ ಒಪ್ಪಿಕೊಂಡ ಮಾತೊಂದಿದೆ: ವ್ಯತಿರಿಕ್ತ ಕಾರಣವಿಲ್ಲದೆ ತೆರಿಗೆದಾರರನ್ನು ಪ್ರಾಮಾಣಿಕರೆಂದೇ ನೋಡಬೇಕು. ರಿಟ್ ಅರ್ಜಿಯ ಪ್ರಸಂಗ ಬಂದರೆ ಈಗ ಮುಂಬಯಿಗೆ ಓಡಬೇಕಿಲ್ಲ, 2025ರ ಆಗಸ್ಟ್‌ನಿಂದ ಬಾಂಬೆ ಹೈಕೋರ್ಟಿನ ಸರ್ಕಿಟ್ ಬೆಂಚ್ ಕೊಲ್ಹಾಪುರದಲ್ಲೇ ಕೂರುತ್ತಿದೆ. ಒಂದು ಎಚ್ಚರಿಕೆ: 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಕಲಮುಗಳ ಸಂಖ್ಯೆ ಬದಲಾಗಿದೆ. ಅದಕ್ಕೂ ಹಿಂದಿನ ವರ್ಷಗಳ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯ.

ಅಂಗಡಿಯವರ ಕಡೆ ಬರೋಣ. ಯುಪಿಐಯಲ್ಲಿ ಬಂದದ್ದೆಲ್ಲ ಆದಾಯವೆಂದು ತಿಳಿದು ಕ್ಯೂಆರ್ ಕೋಡ್ ಕಿತ್ತುಹಾಕುವವರಿದ್ದಾರೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಈ ಭಯ ಗಡಿಯಾಚೆಗೂ ಹಬ್ಬಿತು. ಆದಾಯ ತೆರಿಗೆಯಲ್ಲಿ ಡಿಜಿಟಲ್ ಜಮೆಗೆ ಲಾಭವೇ ಇದೆ. 44ಎಡಿ ಕಲಮಿನ ಅಂದಾಜು ಲೆಕ್ಕದಲ್ಲಿ ನಗದು ವ್ಯಾಪಾರದ ಶೇ. 8ರಷ್ಟನ್ನು ಲಾಭವೆಂದು ತೋರಿಸಬೇಕು, ಡಿಜಿಟಲ್ ಜಮೆಗೆ ಶೇ. 6 ಸಾಕು. ಝೆರಾಕ್ಸ್ ಅಂಗಡಿಯ ವರ್ಷದ ವಹಿವಾಟು 14 ಲಕ್ಷ, ಅದರಲ್ಲಿ 11 ಲಕ್ಷ ಯುಪಿಐ ಎಂದಿಟ್ಟುಕೊಳ್ಳಿ. 66,000 ಮತ್ತು 24,000 ಸೇರಿ ಆದಾಯ 90,000 ರೂಪಾಯಿ. ನಿಜವಾದ ಲಾಭ ಇದಕ್ಕಿಂತ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು, ಅದು ಬೇರೆ ಮಾತು.

ಜಿಎಸ್‌ಟಿಯಲ್ಲಿ ಮಾತ್ರ ನೋಡುವುದು ಲಾಭವನ್ನಲ್ಲ, ವಹಿವಾಟನ್ನು. ಸರಕು ಮಾತ್ರ ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ಮಿತಿ. ಮೆಸ್ಸು ಸೇವೆಯ ಲೆಕ್ಕಕ್ಕೆ ಬರುತ್ತದೆ. ತಿಂಗಳಿಗೆ 3,000 ರೂಪಾಯಿಯಂತೆ 60 ವಿದ್ಯಾರ್ಥಿಗಳು ಹತ್ತು ತಿಂಗಳು ಉಂಡರೆ 18 ಲಕ್ಷ, ನೋಂದಣಿ ಬೇಡ. 70 ಆದರೆ 21 ಲಕ್ಷ, ಮಿತಿ ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಅರ್ಜಿಗೆ ಸರ್ಕಾರಿ ಶುಲ್ಕವಿಲ್ಲ. ಮೆಸ್ಸಿನವರು ಕಾಂಪೋಸಿಷನ್ ಎಂಬ ಸರಳ ಯೋಜನೆಯನ್ನು ಆಯ್ದುಕೊಂಡರೆ ವಹಿವಾಟಿನ ಮೇಲೆ ಶೇ. 5 ಕಟ್ಟಿ ಮುಗಿಸಬಹುದು.

ಗಡಿ ಊರಿನ ವ್ಯಾಪಾರಿಗಳು ಹೆಚ್ಚಾಗಿ ಎಡವುವುದು ಸರಕಿನ ವಿಷಯದಲ್ಲಿ. ಗಡಹಿಂಗ್ಲಜದಿಂದ ಕರ್ನಾಟಕದ ಸಂಕೇಶ್ವರ ಕೂಗಳತೆಯ ದೂರವೆನಿಸಿದರೂ ಕಾನೂನಿಗೆ ಅದು ಬೇರೆ ರಾಜ್ಯ. ತೆರಿಗೆ ಇರುವ ಸರಕನ್ನು ಅಲ್ಲಿಗೆ ಮಾರಿ ಕಳಿಸುವವರಿಗೆ 40 ಲಕ್ಷದ ರಿಯಾಯಿತಿ ಸಿಗುವುದಿಲ್ಲ, ವಹಿವಾಟು ಎಷ್ಟೇ ಕಡಿಮೆಯಿದ್ದರೂ ಸಾಮಾನ್ಯವಾಗಿ ನೋಂದಣಿ ಬೇಕು. ಕಾಂಪೋಸಿಷನ್‌ನಲ್ಲಿರುವವರು ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. ಸಂಕೇಶ್ವರದ ಗಿರಾಕಿ ತಾವೇ ಅಂಗಡಿಗೆ ಬಂದು ಕೊಂಡು ಹೋದರೆ, ಅವರು ಜಿಎಸ್‌ಟಿ ಇಲ್ಲದ ಸಾಮಾನ್ಯ ಗ್ರಾಹಕರಾಗಿದ್ದು ಬಿಲ್ಲಿನಲ್ಲಿ ಅವರ ವಿಳಾಸ ಇಲ್ಲದಿದ್ದರೆ, ಅಂಗಡಿ ಇರುವ ಜಾಗವೇ ಮಾರಾಟದ ಜಾಗ. ಸರಕು ಸಾಗಿಸುವಾಗ ಬೇಕಾಗುವ ಇ-ವೇ ಬಿಲ್ಲಿನ ಮಿತಿಯೂ ಹಾಗೇ ಬದಲಾಗುತ್ತದೆ: ಮಹಾರಾಷ್ಟ್ರದೊಳಗೆ ಒಂದು ಲಕ್ಷ, ಗಡಿ ದಾಟಿದರೆ 50,000.

ವೃತ್ತಿ ತೆರಿಗೆಯೂ ರಾಜ್ಯಕ್ಕೊಂದು ಥರ. ಮನೆ ಕರ್ನಾಟಕದ ನಿಪ್ಪಾಣಿಯಲ್ಲಿದ್ದು ಕೆಲಸ ಮಹಾಗಾಂವದಲ್ಲಿದ್ದರೆ ಮಹಾರಾಷ್ಟ್ರದ ನಿಯಮ ಅನ್ವಯ. ಇಲ್ಲಿ 10,000 ರೂಪಾಯಿ ಮೀರಿದ ಸಂಬಳಕ್ಕೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಆದರೆ 2023ರ ಏಪ್ರಿಲ್‌ನಿಂದ 25,000 ರೂಪಾಯಿವರೆಗೆ ಸಂಬಳ ಪಡೆಯುವ ಮಹಿಳೆಯರಿಂದ ಏನನ್ನೂ ಮುರಿಯುವಂತಿಲ್ಲ. 65 ದಾಟಿದವರಿಗೂ ನಿಗದಿತ ಪ್ರಮಾಣದ ಅಂಗವೈಕಲ್ಯ ಇರುವವರಿಗೂ ವಿನಾಯಿತಿ ಇದೆ. ಅಕ್ಕತಂಗಿಯರು ಸಂಬಳದ ಚೀಟಿಯನ್ನು ಒಮ್ಮೆ ತೆಗೆದು ನೋಡಬೇಕು. ಯಾವ ರಾಜ್ಯವಾದರೂ ಒಬ್ಬರಿಂದ ವರ್ಷಕ್ಕೆ 2,500 ರೂಪಾಯಿಗಿಂತ ಹೆಚ್ಚು ವೃತ್ತಿ ತೆರಿಗೆ ಪಡೆಯುವುದನ್ನು ಸಂವಿಧಾನದ 276ನೇ ವಿಧಿ ತಡೆದಿದೆ.

ಭಾಷೆ ಬರುವುದಿಲ್ಲವೆಂದು ದೂರು ಕೊಡದೆ ಸುಮ್ಮನಿರಬೇಡಿ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಇಲ್ಲವೇ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡದಲ್ಲೇ ಬರೆಯಿರಿ, ಕೆಲಸ ಬೇಗ ಆಗಲೆಂದು ಬೇಕಾದರೆ ಮರಾಠಿ ಅನುವಾದ ಲಗತ್ತಿಸಿ. ವಕೀಲರ ಫೀ ಭರಿಸಲಾಗದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ನೆರವು ಕೇಳಬಹುದು, ಸಹಾಯವಾಣಿ 15100.

ನಿಮ್ಮ ಹೆಸರಿನಲ್ಲಿ ಹಿಂದೆ ಯಾರೋ ಸುಳ್ಳು ಕಡಿತ ತೋರಿಸಿದ್ದಾರೆಂದು ಈಗ ತಿಳಿದರೆ ನೋಟಿಸಿನ ದಾರಿ ಕಾಯಬೇಡಿ. ತಪ್ಪು ಮಾಹಿತಿಗೆ ತೆರಿಗೆಯ ಶೇ. 200ರಷ್ಟು ದಂಡ ಬೀಳಬಹುದು. ಅದರ ಬದಲು ಅಪ್‌ಡೇಟೆಡ್ ರಿಟರ್ನ್ ತುಂಬಲು 48 ತಿಂಗಳ ಅವಕಾಶವಿದೆ: ಮೊದಲ ವರ್ಷ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ. 25 ಹೆಚ್ಚುವರಿ, ಆಮೇಲೆ 50, 60, 70. ಅದನ್ನು ಮೊದಲು ಮುಗಿಸಿ, ನಂತರ ತುಂಬಿದವರ ಮೇಲೆ ದೂರು ಕೊಡಿ. ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದರೆ ಅವರ ಸಂಸ್ಥೆಯ ಶಿಸ್ತು ವಿಭಾಗಕ್ಕೆ, ಶುಲ್ಕ ಪಡೆದು ಸೇವೆಯಲ್ಲಿ ಲೋಪ ಮಾಡಿದ, ವಕೀಲರಲ್ಲದ ಇತರ ಸಲಹೆಗಾರರಾಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ. ಕೊಟ್ಟ ಶುಲ್ಕದ ರಸೀದಿ, ವಾಟ್ಸಾಪ್ ಮಾತುಕತೆ, ರಿಟರ್ನಿನ ಪಿಡಿಎಫ್ ಇಷ್ಟು ಕೈಯಲ್ಲಿರಲಿ. ಆಯೋಗದಲ್ಲಿ ಇಂಥ ಸಣ್ಣ ಮೊತ್ತದ ದೂರಿಗೆ ಶುಲ್ಕವಿಲ್ಲ, ಗಡುವು ಎರಡು ವರ್ಷ.